1837ರ ಬ್ರೇಕಿಂಗ್ ನ್ಯೂಸ್ ಬರೆದವರು ಯಾರು?

ಇವತ್ತು ಒಂದು ಹಳೇ ಸುದ್ದಿ ತಗೊಂಡು ಬಂದಿದ್ದೀನಿ. ಎಷ್ಟು ಹಳೇದು ಅಂದರೆ, ಅದು ನಡೆದಾಗ ಕನ್ನಡದಲ್ಲಿ ಒಂದೇ ಒಂದು ಪತ್ರಿಕೆಯೂ ಇರಲಿಲ್ಲ.

1837ರ ಏಪ್ರಿಲ್. ಕೊಡಗಿನ ಕೊನೆಯ ದೊರೆ ಚಿಕ್ಕವೀರರಾಜೇಂದ್ರನನ್ನು ಕಂಪನಿ ಸರ್ಕಾರ ಗದ್ದುಗೆಯಿಂದ ಇಳಿಸಿ ಮೂರು ವರ್ಷವಾಗಿತ್ತು. ಕೊಡಗಿನ ಭಾಗವಾಗಿದ್ದ ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದ್ದರು. ರಾಜನ ಕಾಲದಲ್ಲಿ ಭತ್ತ ಅಳೆದು ಕಂದಾಯ ತೀರಿಸುತ್ತಿದ್ದ ರೈತ ಈಗ ರೊಕ್ಕ ಎಣಿಸಬೇಕು. ರೊಕ್ಕ ಎಲ್ಲಿಂದ ತರೋದು ಸ್ವಾಮಿ? ಸಾಹುಕಾರನ ಮನೆಯಿಂದ.

ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ ಮುಂತಾದವರು ಎದ್ದರು. ಪುಟ್ಟಬಸಪ್ಪ ಎಂಬಾತನನ್ನು ರಾಜವಂಶದ ಕಲ್ಯಾಣಸ್ವಾಮಿ ಅಂತ ಮುಂದಿಟ್ಟುಕೊಂಡು ಘಟ್ಟದ ಕೆಳಗೆ ನಡೆದರು. ಏಪ್ರಿಲ್ 5ಕ್ಕೆ ಮಂಗಳೂರು ಅವರ ಕೈಯಲ್ಲಿ! ಬಾವುಟಗುಡ್ಡದಿಂದ ಕಂಪನಿ ಬಾವುಟ ಇಳಿಯಿತು. ಕಲೆಕ್ಟರ್ ಲೆವಿನ್ ಸಮುದ್ರ ಹಿಡಿದು ಪರಾರಿ. ಹದಿಮೂರು ದಿನ ಮಂಗಳೂರಿನಲ್ಲಿ ಕಂಪನಿ ಇರಲಿಲ್ಲ. ಆಮೇಲೆ ಕಣ್ಣೂರಿನ ಪಡೆ ಬಂತು, ನೇಣುಗಂಬಗಳು ಎದ್ದವು.

ಈಗ ನನ್ನ ಕಸುಬಿನ ಪ್ರಶ್ನೆ. ಇದನ್ನು ವರದಿ ಮಾಡಿದ್ದು ಯಾರು?

ಮದ್ರಾಸಿನ ಇಂಗ್ಲಿಷ್ ಪತ್ರಿಕೆಗಳು. ಅಲ್ಲಿಂದ ಹಡಗು ಹತ್ತಿದ ಸುದ್ದಿಯನ್ನು ತಿಂಗಳುಗಳ ನಂತರ ಅಚ್ಚು ಹಾಕುತ್ತಿದ್ದ ಲಂಡನ್ನಿನ ಏಷ್ಯಾಟಿಕ್ ಜರ್ನಲ್. 1835ರಲ್ಲೇ ಮೆಟ್‌ಕಾಫ್ ಪತ್ರಿಕೆಗಳ ಮೇಲಿನ ನಿರ್ಬಂಧ ಸಡಿಲಿಸಿದ್ದ. ಸಂಪಾದಕರು ಕಂಪನಿ ಅಧಿಕಾರಿಗಳನ್ನು ಟೀಕಿಸಬಹುದಿತ್ತು. ಆದರೆ ಸುದ್ದಿಯ ಮೂಲ? ಅದೇ ಅಧಿಕಾರಿಗಳು, ಅದೇ ಸೇನೆಯವರು. ಹಾಗಾಗಿ ಇದು ದಂಗೆ, ಹೊರಟವರು ದಂಗೆಕೋರರು. ‘ಬಲ್ಲ ಮೂಲಗಳ ಪ್ರಕಾರ’ ಅಂತ ನಾವು ಈಗಲೂ ಹೇಳ್ತೀವಲ್ಲ, ಆ ಮೂಲ ಯಾವ ಕುರ್ಚಿಯಲ್ಲಿ ಕೂತಿದೆ ಅನ್ನೋದನ್ನ ನೋಡುಗ ಕೇಳಬೇಕು.

ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ನೇಣಿಗೇರಿಸಿದ್ದು 1837ರ ಅಕ್ಟೋಬರ್ 31ರಂದು. ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು 1843ರ ಜುಲೈ 1ಕ್ಕೆ. ನೇಣಿಗೂ ಮೊದಲ ಕನ್ನಡ ಪತ್ರಿಕೆಗೂ ನಡುವೆ ಐದೂ ಮುಕ್ಕಾಲು ವರ್ಷದ ಮೌನ.

ಹಾಗಂತ ಕನ್ನಡದಲ್ಲಿ ಏನೂ ಅಚ್ಚಾಗಲಿಲ್ಲ ಅಂದುಕೋಬೇಡಿ. ಕಂಪನಿಗೆ ನಿಷ್ಠರಾಗಿದ್ದ ಕೊಡಗಿನವರಿಗೆ ಚಿನ್ನದ, ಬೆಳ್ಳಿಯ ಪದಕ ಕೊಟ್ಟರು. ಒಂದು ಬದಿಗೆ ಇಂಗ್ಲಿಷ್, ಇನ್ನೊಂದು ಬದಿಗೆ ಕನ್ನಡ! ಪತ್ರಿಕೆಗೆ ಸಿಗದ ಕನ್ನಡ ಪದಕಕ್ಕೆ ಸಿಕ್ಕಿತು. ದಿವಾನ್ ಬೋಪು ಅವರಂಥವರು ಕಂಪನಿಯ ಪರ ನಿಂತಿದ್ದನ್ನು ಇವತ್ತು ಜಾತಿ ಜಗಳಕ್ಕೆ ಎಳೆಯುವವರಿದ್ದಾರೆ. ನನಗೆ ಅದು ಸರಿಕಾಣಲ್ಲ. ಹಳೇ ರಾಜನ ಆಳ್ವಿಕೆ ಮತ್ತೆ ಬೇಡ ಅನ್ನೋ ಭಯ ಅವರಿಗೂ ಇದ್ದಿರಬಹುದು.

ಎದುರು ಪಾಳಯದ ಬರಹ ಅಂತ ಮೂಲೆಗೆ ಎಸೆಯೋದೂ ದಡ್ಡತನವೇ. ರೈತನ ಮೇಲೆ ಬಿದ್ದ ರೊಕ್ಕದ ಕಂದಾಯದ ವಿಷಯ ನಮಗೆ ಗೊತ್ತಾಗಿದ್ದು ಎಲ್ಲಿಂದ? ಪಾದ್ರಿ ರಿಕ್ಟರ್ 1870ರಲ್ಲಿ ಕೊಡಗಿನ ಬಗ್ಗೆ ಬರೆದ ಇಂಗ್ಲಿಷ್ ಕೈಪಿಡಿಯಂಥ ಬರಹಗಳಿಂದಲೂ ಹೌದು. ಗೆದ್ದವನ ಕೈಯಲ್ಲೂ ಒಮ್ಮೊಮ್ಮೆ ನಿಜ ಜಾರಿ ಬೀಳುತ್ತೆ. ನಮ್ಮ ಬಾಯಲ್ಲಿ ಉಳಿದ ಹೆಸರು ನೋಡಿ: ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಅಂದರೆ ಕೊಳ್ಳೆ, ದಾಳಿ. ಬಿಳಿಯರ ಪತ್ರಿಕೆ ಓದದ ಅಜ್ಜಿಯಂದಿರೂ ಅದನ್ನೇ ಹೇಳಿದರು! ದಂಡು ಹಾದುಹೋದ ಊರಿನವರ ಅನುಭವ ಆ ಮಾತಿನಲ್ಲಿದೆಯೋ, ಕಚೇರಿಯ ಮಾತು ಕಿವಿಯಿಂದ ಕಿವಿಗೆ ಇಳಿಯಿತೋ? ಎರಡನ್ನೂ ಹುಡುಕಬೇಕು.

2022ರ ನವೆಂಬರ್‌ನಲ್ಲಿ ಬಾವುಟಗುಡ್ಡದಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿತು. ಸಂತೋಷ. ಆದರೆ ಪ್ರತಿಮೆಗೆ ಬಾಯಿಲ್ಲ. ಮಡಿಕೇರಿ, ಸೋಮವಾರಪೇಟೆ, ಸುಳ್ಯದಲ್ಲಿ ಈ ಕಾರ್ಯಕ್ರಮ ನೋಡುತ್ತಿರುವವರಿಗೆ ಒಂದು ಮನವಿ. ಪದಕ ಬಂದ ಮನೆಯಾಗಲಿ, ನೇಣಿಗೆ ಹೋದವರ ಮನೆಯಾಗಲಿ, ಅಟ್ಟದ ಪೆಟ್ಟಿಗೆಯಲ್ಲಿ ಆ ಕಾಲದ ಕಡತ, ಓಲೆ, ಕಾಗದ ಇದ್ದರೆ ಈ ಮಳೆಗಾಲಕ್ಕೆ ಮೊದಲು ಹೊರಗೆ ತೆಗೆಯಿರಿ. ಫೋಟೋ ತೆಗೆದಿಡಿ. ಗೆದ್ದಲು ಯಾವ ಪಕ್ಷ ಅಂತ ಕೇಳಿಕೊಂಡು ತಿನ್ನಲ್ಲ.