ಬಸದಿ ಇಲ್ಲಿ, ಅದರ ಪತ್ರ ಲಂಡನ್ನಿನಲ್ಲಿ

ಸ್ಪೇನಿನ ಗೋಯಾ ಬಿಡಿಸಿದ ಕೆಂಪು ಅಂಗಿಯ ಹುಡುಗ ನ್ಯೂಯಾರ್ಕಿನ ಮೆಟ್ ಮ್ಯೂಸಿಯಂನಲ್ಲಿದ್ದಾನೆ. ಇರಲಿ. ನಮ್ಮ ಬೆಳಗಾವಿಯ ಎರಡು ಶಿಲಾಶಾಸನಗಳು ಬ್ರಿಟಿಷ್ ಮ್ಯೂಸಿಯಂ ಸೇರ್ಯಾವ, ಗೊತ್ತೇನು?

ರಟ್ಟರ ನಾಲ್ಕನೇ ಕಾರ್ತವೀರ್ಯನ ಕಾಲದವು, 1204ರ ಸುಮಾರಿನವು. ಮಂತ್ರಿ ಬೀಚಣ ಕಟ್ಟಿಸಿದ ರಟ್ಟ ಜಿನಾಲಯಕ್ಕೆ ಕೊಟ್ಟ ದಾನದ ಲೆಕ್ಕ ಅದು, ಕನ್ನಡದಲ್ಲೇ. ನಾ ಕಾಮರ್ಸ್ ಓದಿದಾಂವ, ನನಗದು ಆಸ್ತಿಪತ್ರ ಇದ್ದಂಗ ಕಾಣ್ತದ. ಕೋಟೆಯೊಳಗಿನ ಕಮಲ ಬಸದಿಯೇ ಆ ಜಿನಾಲಯ ಅಂತಾರೆ. ಎಲ್. ಡಿ. ಬಾರ್ನೆಟ್ ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪಾಠ ಅಚ್ಚು ಮಾಡಿಸಿದ್ದು ಪುಣ್ಯ.

ಕಲ್ಲು ವಾಪಸ್ ಕೇಳೋಣ, ಬ್ಯಾಡ ಅನ್ನಂಗಿಲ್ಲ. ಅಲ್ಲೀತನಕ ಆ ಪಾಠ ಒಂದು ಫಲಕದ ಮ್ಯಾಲೆ ಬಸದಿ ಮುಂದ ಬರಬೇಕು.

ಖಾನಾಪುರ ತಾಲೂಕಿನ ಹಲಸಿಗೂ ಹೋಗಿ ಬರ್ರಿ. ಗೋವಾ ಕದಂಬರ ಗುಡಿಯಲ್ಲಿ ವರಾಹ, ನರಸಿಂಹ ಇನ್ನೂ ಎದುರುಬದುರು ಇದ್ದಾರೆ.