ಒಂದು ವಿವರಣೆಯ ಹೊಣೆ

ಹೋದ ವರ್ಷ ನನ್ನ ಹೆಂಡತಿಯ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂತು. ಯಲಹಂಕದ ನಮ್ಮ ಮನೆಗೆ ದೂರವಲ್ಲದ ಒಂದು ಆಸ್ಪತ್ರೆಗೆ ಫೋನ್ ಮಾಡಿದೆ. ಉತ್ತರಿಸಿದ್ದು ಮನುಷ್ಯರಲ್ಲ, ಯಂತ್ರ. ಮೇ ತಿಂಗಳ ಆರನೆಯ ತಾರೀಖು ಆದೀತೇ ಎಂದು ಕೇಳಿದೆ. ಅದು ಬಹು ವಿನಯದಿಂದ ಒಪ್ಪಿತು. 06/05 ಎಂಬ ಸಂದೇಶವೂ ಬಂದಿತು. ಆ ದಿನ ಬೆಳಗ್ಗೆ ಹೋದರೆ ಪಟ್ಟಿಯಲ್ಲಿ ಹೆಸರೇ ಇಲ್ಲ. 'ನಿಮ್ಮದು ಜೂನ್ ಐದಕ್ಕಲ್ಲವೇ ಸಾರ್?' ಎಂದರು ಅಲ್ಲಿದ್ದ ಹುಡುಗಿ. ಮಾತನಾಡಿದ ಯಂತ್ರ ನಮ್ಮ ರೂಢಿಯಂತೆ ದಿನವನ್ನು ಮೊದಲು ಬರೆದಿತ್ತು. ದಾಖಲೆ ಇಡುವ ಯಂತ್ರ ಅಮೆರಿಕದವರಂತೆ ತಿಂಗಳನ್ನು ಮೊದಲು ಓದಿತ್ತು. ಇನ್ನೊಂದು ತಿಂಗಳು ಆಕೆ ಸೂಜಿಗೆ ದಾರ ಪೋಣಿಸಲು ನನ್ನನ್ನೇ ಕರೆಯಬೇಕಾಯಿತು.

ಹೆಬ್ಬಾಳದಾಚೆ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ದುಡಿಯುವ ಮಗಳು ಭಾನುವಾರ ಬಂದಾಗ ಈ ಕಥೆ ಕೇಳಿ ನಗಲಿಲ್ಲ. 'ಅಪ್ಪ, ಇದು ಯಂತ್ರದ ತಪ್ಪಲ್ಲ, ವಾಕ್ಯದ ತಪ್ಪು' ಎಂದಳು. ವಾಕ್ಯದ ತಪ್ಪು ಎಂದ ಮೇಲೆ ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನು ಸುಮ್ಮನಿರುವುದು ಹೇಗೆ?

ಅವಳು ತಿಳಿಸಿದ್ದು ಇಷ್ಟು. ಈಗಿನ ಕೃತಕ ಬುದ್ಧಿ ಮಾತಾಡುವುದಷ್ಟೇ ಅಲ್ಲ, ನಮ್ಮ ಪರವಾಗಿ ಕೆಲಸವನ್ನೂ ಮಾಡುತ್ತದೆ. ಹಾಗೆ ಮಾಡುವುದಕ್ಕೆ ಏಜೆಂಟ್ ಎಂದು ಹೆಸರು. (ನನಗೆ ಏಜೆಂಟ್ ಎಂದರೆ ಇಂದಿಗೂ ಜೀವವಿಮೆಯವನೇ.) ಕೆಲಸಕ್ಕೆ ಅದರ ಕೈಗೆ ಹಲವು ಉಪಕರಣಗಳನ್ನು ಕೊಟ್ಟಿರುತ್ತಾರೆ: ದಿನ ಗೊತ್ತುಮಾಡುವುದೊಂದು, ರದ್ದುಮಾಡುವುದೊಂದು, ಹಣ ಹಿಂತಿರುಗಿಸುವುದೊಂದು. 2024ರ ನವೆಂಬರಿನಲ್ಲಿ ಆಂಥ್ರಾಪಿಕ್ ಎಂಬ ಸಂಸ್ಥೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಕಟ್ಟಳೆಯನ್ನು ಪ್ರಕಟಿಸಿದ ಮೇಲೆ, ಇಂಥ ಉಪಕರಣಗಳನ್ನು ಜೋಡಿಸುವ ರೀತಿಗೆ ಒಂದು ಸಾಮಾನ್ಯ ರೂಪ ಬಂದಿದೆ. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ವಿವರಣೆ, ಅದಕ್ಕೆ ಒದಗಿಸಬೇಕಾದ ಸಂಗತಿಗಳ ಪಟ್ಟಿ. ಉಪಕರಣದ ಒಡಲೊಳಗೆ ಏನಿದೆಯೆಂಬುದು ಸಾಮಾನ್ಯವಾಗಿ ಏಜೆಂಟಿಗೆ ಕಾಣದು. ಅದು ಈ ನಾಲ್ಕಾರು ಸಾಲುಗಳನ್ನು ಓದಿ, ಯಾವುದನ್ನು ಎತ್ತಿಕೊಳ್ಳಬೇಕೆಂದು ನಿರ್ಧರಿಸಬೇಕು.

ಮಗಳು ತನ್ನ ಕಚೇರಿಯ ವಿವರಣೆಗಳನ್ನು ನನ್ನ ಮುಂದಿಟ್ಟಳು. ಇಂಗ್ಲಿಷಿನಲ್ಲಿದ್ದವು, ಕನ್ನಡದಲ್ಲಿ ಹೇಳುವುದಾದರೆ, ಒಂದು ಹೀಗಿತ್ತು: 'ಭೇಟಿಗಳನ್ನು ನಿರ್ವಹಿಸುತ್ತದೆ.' ಇನ್ನೊಂದು: 'ಭೇಟಿಗಳನ್ನು ಪರಿಷ್ಕರಿಸುತ್ತದೆ.' ನಿರ್ವಹಿಸು ಎಂಬ ಕ್ರಿಯಾಪದ ಸರ್ಕಾರಿ ಸುತ್ತೋಲೆಗಳಲ್ಲಿ ಹುಟ್ಟಿ ಬೆಳೆದದ್ದು. ಅದಕ್ಕೆ ಕರ್ಮ ಬೇಕು, ಅರ್ಥ ಬೇಡ. ಎರಡರಲ್ಲಿ ಯಾವುದನ್ನು ಎತ್ತಿಕೊಳ್ಳಬೇಕೆಂದು ನನಗೇ ತಿಳಿಯಲಿಲ್ಲ. ಕೆಂಪು ಪೆನ್ಸಿಲು ಹಿಡಿದು ಬರೆದೆ: 'ಈಗಾಗಲೇ ಗೊತ್ತಾಗಿರುವ ಭೇಟಿಯ ದಿನವನ್ನು ಬದಲಿಸುತ್ತದೆ. ಹೊಸ ಭೇಟಿಗೆ ಇದನ್ನು ಬಳಸಕೂಡದು. ಹಳೆಯ ದಿನ ಬೇರೊಬ್ಬರಿಗೆ ಹೋಗುತ್ತದೆ, ಮರಳಿ ದೊರೆಯದಿರಬಹುದು. ಆದ್ದರಿಂದ ಮೊದಲು ರೋಗಿಯನ್ನು ಕೇಳಬೇಕು. ದಿನಾಂಕದಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿರಲಿ, ಉದಾಹರಣೆಗೆ, 2025-05-06.'

ಬರೆದು ಮುಗಿಸಿದಾಗ ಇದು ನನಗೆ ಹೊಸದೆನಿಸಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಕಂದಪದ್ಯದ ಸೂತ್ರವನ್ನು ಕೊಟ್ಟು ಸುಮ್ಮನಾಗಲಿಲ್ಲ. ವೃತ್ತಿಯಲ್ಲಿ ಬಿಡಿಸಿ ಹೇಳಿದ, ಪ್ರಯೋಗಗಳನ್ನು ಕೊಟ್ಟ. ಸೂತ್ರ ಎಷ್ಟೇ ಚೊಕ್ಕವಾಗಿದ್ದರೂ, ಪಕ್ಕದಲ್ಲಿ ಕುಳಿತು ಕೇಳಲಾಗದ ಓದುಗನಿಗೆ ಪ್ರಯೋಗವೇ ಗುರು. ಏಜೆಂಟ್ ಅಂಥ ಓದುಗ. ಅದಕ್ಕೆ ಸಂಶಯ ಬಂದರೆ ಕೈ ಎತ್ತುವುದು ಅಪರೂಪ; ಊಹಿಸಿ ಮುಂದುವರಿಯುವುದೇ ಹೆಚ್ಚು.

ಆದರೆ ನನ್ನ ಹೆಮ್ಮೆ ಬಹಳ ಹೊತ್ತು ಉಳಿಯಲಿಲ್ಲ. ಮಗಳು ಅವವೇ ಕೋರಿಕೆಗಳನ್ನು ಹಳೆಯ ವಿವರಣೆಗಳೊಡನೆ ಒಮ್ಮೆ, ನನ್ನವುಗಳೊಡನೆ ಒಮ್ಮೆ ಓಡಿಸಿ ನೋಡಿದಳು. ದಿನ ಬದಲಿಸುವುದು ಸರಿಹೋಯಿತು. ಹಣ ಹಿಂತಿರುಗಿಸುವುದಕ್ಕೆ ನಾನು ಬರೆದ ಒಂದು ಪುಟದ ವ್ಯಾಖ್ಯಾನದಲ್ಲಿ ಮಾತ್ರ ಯಂತ್ರ ದಾರಿ ತಪ್ಪಿತು. ವಿವರಣೆಗಳೆಲ್ಲ ಅದರ ಮುಂದೆ ಏಕಕಾಲಕ್ಕೆ ಹರಡಿರುತ್ತವಂತೆ. ಒಂದು ಬೆಳೆದಷ್ಟೂ ಉಳಿದವಕ್ಕೆ ಗಮನ ಕುಗ್ಗಬಹುದು. ಅವಳು ಅದನ್ನು ಮೂರು ವಾಕ್ಯಕ್ಕಿಳಿಸಿದಳು. ತಿದ್ದುವವನನ್ನೂ ತಿದ್ದುವವರಿರಬೇಕಲ್ಲ.

ಇನ್ನೊಂದು ಮಾತು ಕೇಳಿ ನನಗೆ ಕೊಂಚ ಭಯವೇ ಆಯಿತು. ವಿವರಣೆಯನ್ನು ಏಜೆಂಟ್ ನಂಬುತ್ತದೆಯಾದ್ದರಿಂದ, ದುರುಳರು ತಮ್ಮ ಉಪಕರಣದ ವಿವರಣೆಯೊಳಗೇ ಕಳ್ಳ ಆಜ್ಞೆಗಳನ್ನು ಹುದುಗಿಸಬಲ್ಲರು. ಎಲ್ಲಿಂದಲೋ ತಂದ ಉಪಕರಣದ ವಿವರಣೆಯನ್ನು ಮನುಷ್ಯರೊಬ್ಬರು ಮೊದಲು ಓದಲೇಬೇಕೆಂದು ಅವಳು ಹಟ ಹಿಡಿದಿದ್ದಾಳೆ.

ಹೆಂಡತಿಯ ಕಣ್ಣು ಈಗ ನಿಚ್ಚಳವಾಗಿದೆ. ದಾರ ಪೋಣಿಸುವ ಕೆಲಸದಿಂದ ನನಗೆ ಬಿಡುಗಡೆ. ಮೊನ್ನೆ ರಾತ್ರಿ ಮಗಳು ಫೋನಿನಲ್ಲಿ ಹೊಸ ತೊಡಕೊಂದನ್ನು ತಂದಳು. ಹನ್ನೆರಡು ಹೊಡೆದ ಮೇಲೂ ನಿದ್ದೆ ಬಾರದ ರೋಗಿಯೊಬ್ಬ 'ನಾಳೆ ಬೆಳಗ್ಗೆ ಬರುತ್ತೇನೆ' ಎಂದರೆ ಅದು ಯಾವ ಬೆಳಗು? ಪಂಚಾಂಗದ ಲೆಕ್ಕದಲ್ಲಿ ಸೂರ್ಯೋದಯದ ತನಕ ಹಿಂದಿನ ದಿನವೇ. ಗಡಿಯಾರದ ಲೆಕ್ಕದಲ್ಲಿ ಆಗಲೇ ದಿನ ಬದಲಾಗಿದೆ. ಎರಡು ವಾಕ್ಯ ಬರೆದು ಎರಡನ್ನೂ ಹೊಡೆದುಹಾಕಿದ್ದೇನೆ.