ಕೋಚ್ ಬೇರೆ, ಮ್ಯಾನೇಜರ್ ಬೇರೆ

ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಮೊಬೈಲಲ್ಲಿ ಎಂಎಂಎ ಫೈಟ್ ನೋಡ್ತಾ, "ನಾನೂ ಒಂದು ಕೈ ನೋಡ್ಬೇಕು" ಅಂದ್ಕೊಂಡಿರೋರಿಗೆ ಇವತ್ತಿನ ಮಾತು.

ಮೈಸೂರು ದಸರಾ ಕುಸ್ತಿಯನ್ನೇ ತಗೊಳ್ಳಿ. ಅಖಾಡಕ್ಕೆ ಇಳಿಯೋ ಮೊದಲೇ ಜೋಡಿ ಕಟ್ಟುತ್ತಾರೆ. ತೂಕ, ಅನುಭವ ನೋಡಿ ಸರಿಸಮಾನರನ್ನು ಹೊಂದಿಸುತ್ತಾರೆ. ಎಂಎಂಎಯಲ್ಲಿ "ಈ ಜೋಡಿ ನಮ್ಮ ಹುಡುಗನಿಗೆ ಬೇಡ" ಅಂತ ಹೇಳಬೇಕಾದವನು ಮ್ಯಾನೇಜರ್. ಪಟ್ಟು ಕಲಿಸೋದು ಕೋಚ್; ಕಾಗದ ಓದೋದು ಮ್ಯಾನೇಜರ್.

ಕಾಗದ ಯಾಕೆ ಮುಖ್ಯ ಅಂದ್ರೆ, ಯುಎಫ್‌ಸಿಯಲ್ಲೂ ಫೈಟರ್‌ಗಳು ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ತಿಂಗಳ ಸಂಬಳ ಇಲ್ಲ. ಸಾಮಾನ್ಯವಾಗಿ ಕಣಕ್ಕಿಳಿದರೆ ಒಂದು ಮೊತ್ತ, ಗೆದ್ದರೆ ಇನ್ನೊಂದು. ಒಪ್ಪಂದಗಳು ತಮ್ಮನ್ನು ಕಟ್ಟಿಹಾಕಿ ಸಂಭಾವನೆ ತಗ್ಗಿಸಿವೆ ಅಂತ ಮಾಜಿ ಫೈಟರ್‌ಗಳು ಅಮೆರಿಕದಲ್ಲಿ ಕೇಸ್ ಹಾಕಿದ್ರು. 2024ರಲ್ಲಿ ಅದು 37.5 ಕೋಟಿ ಡಾಲರ್‌ಗೆ ರಾಜಿಯಾಯ್ತು. ಅಂಥವರಿಗೇ ಹೀಗಾದ್ರೆ, ಮೊದಲ ಫೈಟ್‌ಗೆ ಸಹಿ ಹಾಕೋ ನಮ್ಮ ಹುಡುಗರ ಗತಿ?

ಅದೇ 2024ರ ಜೂನ್‌ನಲ್ಲಿ ಪೂಜಾ ತೋಮರ್ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ದಾರಿಯಂತೂ ತೆರೆದಿದೆ.

ಹಾಗಾಗಿ ಸಹಿ ಹಾಕೋ ಮುಂಚೆ ಕೇಳಿ: ಗಾಯವಾದ್ರೆ ಆಸ್ಪತ್ರೆ ಬಿಲ್ ಯಾರು ಕಟ್ತಾರೆ? ಎಷ್ಟು ವರ್ಷ ಬೇರೆ ಕಡೆ ಆಡೋ ಹಾಗಿಲ್ಲ? ಮ್ಯಾನೇಜರ್ ಪಾಲೆಷ್ಟು? ಪಂದ್ಯ ನಡೆಸುವವರಿಂದಲೂ ಅವನಿಗೆ ದುಡ್ಡು ಬರುತ್ತಾ? ಬರೋದಾದ್ರೆ ಅವನು ನಿಮ್ಮ ಕಡೆಯವನಲ್ಲ. ಅಮೆರಿಕದ ಬಾಕ್ಸಿಂಗ್‌ನಲ್ಲಿ ಇಂಥ ಎರಡು ದೋಣಿಯ ಕಾಲಿಗೆ 2000ದಲ್ಲೇ ಕಾನೂನು ಬಂತು, ಮೊಹಮ್ಮದ್ ಅಲಿ ಹೆಸರಲ್ಲಿ.

ಒಳ್ಳೆ ಮ್ಯಾನೇಜರ್‌ನ ಗುರುತು ಒಂದೇ ಅಂತೀನಿ ನಾನು: ತನ್ನ ಕಮಿಷನ್ ಹೋದ್ರೂ ಪರವಾಗಿಲ್ಲ, "ಈ ಫೈಟ್ ಬೇಡ" ಅನ್ನೋ ಧೈರ್ಯ. ಅಂಥವರು ಸಿಗೋವರೆಗೂ ಒಪ್ಪಂದವನ್ನ ಒಬ್ಬ ವಕೀಲರಿಗೆ ತೋರಿಸಿ.